ಇಬ್ಬರಿಗಷ್ಟೇ ಬಗ್ಗುವ ಬಾಗಿಲು

ನನ್ನ ಮಗಳ ಅಪ್ಪನಿಗೆ ನಮಸ್ಕಾರ.

ಇಂದು ನನಗೆ ಉಪವಾಸ. ಅಂಗಳ ಗುಡಿಸಿ, ದೇವರಿಗೆ ದೀಪ ಹಚ್ಚಿ ಇದನ್ನು ಬರೆಯುತ್ತಿದ್ದೇನೆ.

ನಾವು ಬೇರೆಯಾದೆವು, ಇನ್ನು ಇಬ್ಬರ ಹೆಸರಿನ ಮನೆ ಏಕೆಂದು ಮಾರುವ ಮಾತೆತ್ತಿ ನೀವು ಕಳಿಸಿದ ಗಂಡಹೆಂಡತಿ ನಿನ್ನೆ ಮನೆ ನೋಡಲು ಬಂದಿದ್ದರು. ನೀವೇ ಕೂರಿಸಿದ ಮುಂಬಾಗಿಲು ಜಪ್ಪಯ್ಯ ಅಂದರೂ ತೆರೆಯಲಿಲ್ಲ. ನಾನು ಪೂಜೆಗೆ ಕೂತಿದ್ದೆ, ಏಳುವಂತಿರಲಿಲ್ಲ.

"ಕೆಳಗೊಂದು ಒದ್ದು, ಮೇಲೆ ಭುಜ ಕೊಡ್ರಪ್ಪಾ!" ಎಂದು ಒಳಗಿನಿಂದಲೇ ಕೂಗಿದೆ.

"ಮನೆ ತಗೊಳೋಕೆ ಬಂದಿದೀವಮ್ಮ, ಕುಸ್ತಿಗಲ್ಲ!" ಎಂದು ಆ ಗಂಡಸು ಹೊರಟೇಹೋದ. ದೇವರ ಮುಂದೆಯೇ ನಕ್ಕುಬಿಟ್ಟೆ.

ಬಡಗಿಯಾಗಿ ಊರವರ ಬಾಗಿಲೆಲ್ಲ ಸರಿಮಾಡಿದಿರಿ. ಇದು ಮಾತ್ರ ಇಂದಿಗೂ ನಮ್ಮಿಬ್ಬರಿಗಲ್ಲದೆ ಇನ್ನಾರಿಗೂ ಬಗ್ಗದು.

ಮನೆ ಮಾರೋಣವೇ ಎಂದು ಕೇಳಿದ್ದಿರಲ್ಲ, ನನ್ನ ಉತ್ತರ ಸಿದ್ಧವಿದೆ. ಆ ಉತ್ತರ ಒಯ್ಯಲು ಯಾರನ್ನಾದರೂ ಕಳಿಸಿ. ಆ ಬಾಗಿಲು ತೆಗೆಯಬಲ್ಲವರನ್ನೇ ಕಳಿಸಿ.

ಇಂತಿ,
ಅರ್ಧ ಮನೆಯ ಒಡತಿ