ರಾಜನ ಹುಟ್ಟುಹಬ್ಬದಂದು ನನ್ನ ಅಂಗಡಿ

ಹಾರ್ಲೆಮ್,
ಏಪ್ರಿಲ್ 28, 2026

ಪ್ರೀತಿಯ ಅಮ್ಮನಿಗೆ ನಿನ್ನ ಹಟಮಾರಿ ಮಗಳ ನಮಸ್ಕಾರ.

ಫೋನಿನಲ್ಲಿ ಹೇಳಿದರೆ ನೀನು ಅರ್ಧಕ್ಕೇ ಅಳುತ್ತೀಯ, ಆಮೇಲೆ ನಾನೂ ಅಳುತ್ತೇನೆ. ಅದಕ್ಕೇ ಬರೆಯುತ್ತಿದ್ದೇನೆ. ಮುಂದಿನ ತಿಂಗಳು ಶ್ರೀಕರನ ಅಪ್ಪ ಅಮ್ಮನ ಮನೆಗೆ ಹೋಗಿ, ಮಗಳನ್ನು ಮತ್ತೆ ಸೇರಿಸಿಕೊಳ್ಳಿ ಎಂದು ಬೇಡಿಕೊಳ್ಳುತ್ತೇನೆ ಅಂದೆಯಲ್ಲ, ದಯವಿಟ್ಟು ಹೋಗಬೇಡ.

ನಿನ್ನೆ ಇಲ್ಲಿ ಡಚ್ಚರ ರಾಜನ ಹುಟ್ಟುಹಬ್ಬ, ದೇಶಕ್ಕೆಲ್ಲ ರಜೆ. ಅದೊಂದು ದಿನ ಯಾರು ಬೇಕಾದರೂ ಬೀದಿಯಲ್ಲಿ ಕೂತು ಮನೆಯ ಹಳೇ ಸಾಮಾನು ಮಾರಬಹುದು, ಪರವಾನಗಿ ಬೇಕಿಲ್ಲ. ಹಿಂದಿನ ದಿನವೇ ಎಲ್ಲರೂ ಸೀಮೆಸುಣ್ಣದಲ್ಲಿ ಹೆಸರು ಬರೆದು ಜಾಗ ಹಿಡಿದಿಡುತ್ತಾರೆ. ನಾನೂ ಹೋದೆ. ನೆಲದ ಮೇಲೆ ಸೀಮೆಸುಣ್ಣ ಹಿಡಿದು ಕೂತರೆ ನನ್ನ ಕೈ ಸುಮ್ಮನಿರುತ್ತದೆಯೇ? ದೊಡ್ಡ ರಂಗೋಲಿ ಹಾಕಿ, ಹೆಸರು ಬರೆಯುವುದನ್ನೇ ಮರೆತು ಬಂದೆ. ಬೆಳಿಗ್ಗೆ ನೋಡಿದರೆ ಅಕ್ಕಪಕ್ಕವೆಲ್ಲ ಭರ್ತಿ, ರಂಗೋಲಿಯನ್ನು ಮಾತ್ರ ಯಾರೂ ತುಳಿದಿರಲಿಲ್ಲ. ಅದರ ಮೇಲೆ ಚಾಪೆ ಹಾಸಲು ನನಗೂ ಮನಸ್ಸು ಬರಲಿಲ್ಲ. ಪಕ್ಕದ ಹೆಂಗಸು ನಕ್ಕು ತನ್ನ ಮೇಜು ಸರಿಸಿ ಜಾಗ ಕೊಟ್ಟಳು.

ಮಾರಿದ್ದೇನು ಗೊತ್ತಾ? ನಮ್ಮ ಮದುವೆಯ ಉಡುಗೊರೆಗಳನ್ನು. ಗೋಡೆ ಗಡಿಯಾರಗಳು, ಡಿನ್ನರ್ ಸೆಟ್, ಲೀಲಮ್ಮತ್ತೆ ಕೊಟ್ಟ ಗಾಜಿನ ನವಿಲು. ನವಿಲನ್ನು ಒಬ್ಬ ಅಜ್ಜಿ ಮಗುವಿನಂತೆ ಎತ್ತಿಕೊಂಡು ಹೋದರು. ಅತ್ತೆಗೆ ಹೇಳಬೇಡ.

ಮಧ್ಯಾಹ್ನ ಶ್ರೀಕರ ಬಂದ. ಈಗ ಪಕ್ಕದ ಊರು ಹೂಫ್‌ಡಾರ್ಪ್‌ನಲ್ಲಿದ್ದಾನೆ. ಹಬ್ಬಕ್ಕೆಂದು ಕಿತ್ತಳೆ ಟೋಪಿ ಹಾಕಿದ ಆಫೀಸಿನ ಗೆಳೆಯರನ್ನು ದೂರ ನಿಲ್ಲಿಸಿ, ಬಗ್ಗಿ ಮೆಲ್ಲಗೆ, "ರೋಡಲ್ಲಿ ಕೂತ್ಕೊಂಡು ನನ್ನ ಮರ್ಯಾದೆ ತೆಗೀಬೇಡ, ಎದ್ದೇಳು. ನಿಮ್ಮಮ್ಮ ಫೋನ್ ಮಾಡಿ ಅಷ್ಟೊಂದು ಕೇಳ್ಕೊಂಡ್ರು ಅಂತ ವಾಪಸ್ ಬರೋಣ ಅಂತಿದೀನಿ" ಅಂದ. ನೀನು ಅವನಿಗೂ ಫೋನ್ ಮಾಡಿದ್ದೀಯ ಎಂದು ನನಗೆ ಗೊತ್ತಾದದ್ದು ಹೀಗೆ. ಸಿಟ್ಟು ಬಂತಮ್ಮ. ಭಯವೂ ಆಯಿತು, ಸುಳ್ಳು ಹೇಳುವುದಿಲ್ಲ. ಆದರೆ ಏಳಲಿಲ್ಲ. ಗಿರಾಕಿ ಕಾಯುತ್ತಿದ್ದಾರೆ, ಸ್ವಲ್ಪ ಪಕ್ಕಕ್ಕೆ ಸರಿ ಎಂದೆ.

ನನ್ನ ಸ್ವಂತ ಕೆಲಸದ ಮೇಲೆ ಇಲ್ಲಿರಲು ಪರ್ಮಿಟ್ ಸಿಕ್ಕಿದೆ. ನಾನು ಇಲ್ಲೇ ಇರುತ್ತೇನೆ. ಮೈಸೂರಿನಲ್ಲಿ ನಾಲ್ಕು ಜನ ಕೇಳಿದರೆ ಇದ್ದದ್ದನ್ನು ಇದ್ದಂತೆ ಹೇಳಿಬಿಡು. ಆಡಿಕೊಳ್ಳುವವರ ಬಾಯಿಗೆ ಬೀಗ ಹಾಕಲಾಗುತ್ತದೆಯೇ?

ಇಂತಿ,
ನಿನ್ನ ಮೇಲೆ ಸಿಟ್ಟೂ ಪ್ರೀತಿಯೂ ಇರುವ
ಸ್ಪಂದನಾ

ತಾ.ಕ.: ಗಂಡ ನನ್ನನ್ನು ಬಿಟ್ಟುಹೋದ ಎಂದು ನೀನು ನಂಬಿಕೊಂಡೆ, ನಾನೂ ಸುಮ್ಮನಿದ್ದೆ. ಅವನು ಬಿಟ್ಟುಹೋಗಲಿಲ್ಲ ಅಮ್ಮ. ನನ್ನ ಮೇಲೆ ಕೈ ಎತ್ತಿದ ದಿನವೇ ಅವನ ಸೂಟ್‌ಕೇಸನ್ನು ಬಾಗಿಲಾಚೆ ಇಟ್ಟವಳು ನಾನು.