ಎರಡನೆಯ ಸಲ ಕೇಳದ ಸೊಸೆಗೆ

ಕೊಟ್ಟಾರ, ಮಂಗಳೂರು
ಗುರುವಾರ, ನವೆಂಬರ್ 6

ಪ್ರೀತಿಯ ಸೊಸೆ ಗ್ರೀಷ್ಮಾಳಿಗೆ, ನಿನ್ನ ಕ್ಲಿನಿಕ್ಕಿನ ಕೌಂಟರಿನಿಂದ ಮಾಮಿಯ ಆಶೀರ್ವಾದ.

ಹೇಗಿದ್ದೀ ಮಗಾ? ಸಿಯೋಲಿನಲ್ಲಿ ಚಳಿ ಜೋರಂತೆ, ನನ್ನ ಮಗರಾಯ ತುಷಾರ್ ಹೇಳಿದ. ನಿನ್ನ ಸೈನಸ್ ಹೇಗುಂಟು? ಬೆಳಿಗ್ಗೆ ಎದ್ದ ಕೂಡಲೇ ಸೀನು ಶುರುವಾದರೆ ಉದಾಸೀನ ಮಾಡಬೇಡ, ಹೋಟೆಲಿನ ಕೆಟ್ಲಿಯಲ್ಲಿ ನೀರು ಕಾಯಿಸಿ ಹಬೆ ತೆಗೆದುಕೋ. ಇಡೀ ದಿನ ಬಗ್ಗಿ ನಿಂತು ದವಡೆಗೆ ಸ್ಕ್ರೂ ಕೂರಿಸುವುದನ್ನು ಕಲಿಯುತ್ತಿದ್ದೀ, ಸೊಂಟಕ್ಕೆ ಬೆಲ್ಟ್ ಹಾಕಿಕೊಳ್ಳುತ್ತೀಯೋ ಇಲ್ಲವೋ. ನಿನ್ನ ಅಮ್ಮ ಹೇಗಿದ್ದಾರೆ? ಅವರ ಮೊಣಕಾಲು ನೋವು ಪೂರ್ತಿ ಗುಣವಾದಂತೆ ಕಾಣುತ್ತದೆ. ಸ್ಟೇಟಸ್‌ನಲ್ಲಿ ನೋಡಿದೆ, ಸಿಯೋಲಿನ ಅರಮನೆಯ ಅಷ್ಟೂ ಮೆಟ್ಟಿಲು ಹತ್ತಿ ಮೇಲೆ ನಿಂತು ಕೈ ಬೀಸುತ್ತಿದ್ದಾರೆ. ನಮ್ಮ ಮನೆಗೆ ಬಂದರೆ ಜಗಲಿಯ ಮೂರು ಮೆಟ್ಟಿಲು ಹತ್ತಲು ಅವರಿಗೆ ನನ್ನ ಹೆಗಲು ಬೇಕಾಗುತ್ತಿತ್ತು. ಇರಲಿ, ಕೊರಿಯಾದ ಗಾಳಿ ಒಳ್ಳೆಯದಿರಬೇಕು.

ಕೈಯಲ್ಲಿ ಫೋನಿರುವಾಗ ಈ ಮುದುಕಿ ಯಾಕೆ ಕಾಗದ ಬರೆಯುತ್ತಾಳೆ ಎಂದು ನಿನಗೆ ಅನಿಸಬಹುದು. ವಾಟ್ಸಾಪಿನಲ್ಲಿ ಮಾತಾಡಿ ಕಳಿಸಿದರೆ ನೀನು ಸ್ಪೀಕರಿಗೆ ಹಾಕಿ ಕೇಳುತ್ತೀ, ಪಕ್ಕದಲ್ಲಿ ನಿನ್ನ ಅಮ್ಮ ಕುಳಿತಿರುತ್ತಾರೆ. ಇಂಗ್ಲಿಷಿನಲ್ಲಿ ಟೈಪ್ ಮಾಡಿದರೆ ಅವರೂ ಕನ್ನಡಕ ಏರಿಸಿ ಓದುತ್ತಾರೆ. ಹುಟ್ಟಿದ್ದು, ಬೆಳೆದದ್ದು, ನಿನ್ನ ಅಪ್ಪನ ಹೋಟೆಲಿನ ಗಲ್ಲಾದಲ್ಲಿ ಕುಳಿತದ್ದು ಎಲ್ಲ ಮುಂಬೈಯಲ್ಲೇ ಆದ್ದರಿಂದ ಲೋಲಾಕ್ಷಿಯಕ್ಕನಿಗೆ ಕನ್ನಡ ಅಕ್ಷರ ಬರುವುದಿಲ್ಲ. ನಿನಗೂ ಬರುತ್ತಿರಲಿಲ್ಲ. ನೀನು ಮದುವೆಯಾಗಿ ಬಂದ ವರ್ಷ, ರೋಗಿಗಳಿಲ್ಲದ ಮಧ್ಯಾಹ್ನಗಳಲ್ಲಿ ಇದೇ ಕೌಂಟರಿನಲ್ಲಿ ಕೂರಿಸಿ, ಔಷಧದ ಚೀಟಿಯ ಹಿಂಬದಿಯಲ್ಲಿ ಅ ಆ ಇ ಈ ಬರೆಸಿದವಳು ನಾನು. ಆ ಗುರುದಕ್ಷಿಣೆಯನ್ನು ಈಗ ವಸೂಲು ಮಾಡುತ್ತಿದ್ದೇನೆ. ಬರೆದು ಮುಗಿಸಿ, ಹಾಳೆಗಳ ಫೋಟೋ ತೆಗೆದು ನಿನಗೊಬ್ಬಳಿಗೇ ಕಳಿಸುತ್ತೇನೆ. ಒತ್ತಕ್ಷರ ನಿನಗೆ ಇನ್ನೂ ಕಷ್ಟ ಎಂದು ದೊಡ್ಡದಾಗಿ ಬರೆಯುತ್ತಿದ್ದೇನೆ. ಅಮ್ಮ ಎಂತ ಅದು ಎಂದು ಕೇಳಿದರೆ ಕ್ಲಿನಿಕ್ಕಿನ ವಿಷಯ ಎಂದು ಹೇಳಿಬಿಡು.

ಕ್ಲಿನಿಕ್ಕಿನ ವಿಷಯವೂ ಉಂಟು. ಡಾಕ್ಟರ್ ರಿಝ್ವಾನಾ ನಿನ್ನ ರೋಗಿಗಳನ್ನೆಲ್ಲ ಚೆನ್ನಾಗಿ ನೋಡಿಕೊಳ್ಳುತ್ತಿದ್ದಾಳೆ. ಬೆಂಗ್ರೆಯ ಝುಬೈರ್ ಮಾತ್ರ ತನ್ನ ಹಲ್ಲಿನ ಸೆಟ್ಟನ್ನು ನೀನೇ ಕೂರಿಸಬೇಕು ಎಂದು ಹಟ ಹಿಡಿದು, ಫೆರಿ ಹತ್ತಿ ವಾಪಸು ಹೋದ. ನೀನು ಬರುವವರೆಗೆ ಗಂಜಿಯಲ್ಲೇ ದಿನ ತೆಗೆಯುತ್ತಾನಂತೆ. ನಿನ್ನೆ ಕುಲಶೇಖರದ ಝೇವಿಯರ್ ಮಾಸ್ಟ್ರು ರೂಟ್ ಕೆನಾಲಿಗೆ ಬಂದಿದ್ದರು. ಬಾಯಿ ಅರ್ಧ ಮರಗಟ್ಟಿದ್ದರೂ ಮನುಷ್ಯ ಮಾತು ನಿಲ್ಲಿಸಲಿಲ್ಲ. ಮುಂಬೈಯಿಂದ ಬಂದ ಮೇಲೆ ನಿನ್ನ ಅಮ್ಮ ಇರುವ ಫ್ಲ್ಯಾಟಿನ ಕೆಳಗೇ ಅವರ ಫ್ಲ್ಯಾಟ್ ಅಲ್ಲವಾ, ಇಡೀ ಕಟ್ಟಡಕ್ಕೆ ಸುದ್ದಿ ಆಗಿದೆಯಂತೆ. “ಡಾಕ್ಟ್ರು ಅಮ್ಮನನ್ನು ಕೊರಿಯಾಕ್ಕೆ ಕರ್ಕೊಂಡು ಹೋಗಿದ್ದಾರಂತಲ್ಲ, ನೀವು ಎಂತ ಹೋಗ್ಲಿಲ್ಲ?” ಎಂದು ಎಲ್ಲರ ಎದುರು ಕೇಳಿದರು. ನನಗೆ ವಿಮಾನ ಆಗುವುದಿಲ್ಲ ಮಾಸ್ಟ್ರೇ, ವಾಂತಿ ಬರ್ತದೆ ಎಂದೆ. ನಾನು ಈ ಜನ್ಮದಲ್ಲಿ ವಿಮಾನದ ಒಳಗೆ ಕಾಲಿಟ್ಟವಳಲ್ಲ ಎಂದು ನಿನಗೆ ಗೊತ್ತುಂಟು.

ಈಗ ಶಾಲಿನ ವಿಷಯಕ್ಕೆ ಬರುತ್ತೇನೆ. ನೀನು ಹೊರಡುವ ದಿನ ನಿನ್ನ ಪೆಟ್ಟಿಗೆಯಲ್ಲಿ ನನ್ನ ಕೆಂಪು ಶಾಲು ಇಟ್ಟದ್ದು ನಿನಗಾಗಿ. ಬ್ಯಾಂಕಿನವರು ನನ್ನ ನಿವೃತ್ತಿಯ ದಿನ ಹೊದಿಸಿದ ಶಾಲು ಅದು, ಒಂದು ಸಲವೂ ಹೊದ್ದಿರಲಿಲ್ಲ. ಮಂಗಳೂರಿನ ಸೆಕೆಯಲ್ಲಿ ಯಾರು ಹೊದೆಯುತ್ತಾರೆ ಹೇಳು. ಸೊಸೆಯ ಕುತ್ತಿಗೆಗೆ ಗಾಳಿ ತಾಗದಿರಲಿ ಎಂದು ಕೊಟ್ಟರೆ, ಸೋಮವಾರದ ಫೋಟೋದಲ್ಲಿ ಅದು ಲೋಲಾಕ್ಷಿಯಕ್ಕನ ಹೆಗಲ ಮೇಲೆ ಕುಳಿತಿದೆ. ನೀನು ಪಕ್ಕದಲ್ಲಿ ಬರಿಯ ಜಾಕೆಟಿನಲ್ಲಿ ನಡುಗುತ್ತಾ ನಗುತ್ತಿದ್ದೀ. ಮಂಗಳವಾರ ನೋಡಿದರೆ ಅವರು ಆ ಊರಿನ ರಾಣಿಯರ ಹಾಗೆ ಗುಲಾಬಿ ಬಣ್ಣದ ದೊಡ್ಡ ಲಂಗ ತೊಟ್ಟು, ತಲೆಗೆ ಎಂತದೋ ಹೂವು ಸಿಕ್ಕಿಸಿ, ಅರಮನೆಯ ಕಾವಲುಗಾರರ ನಡುವೆ ನಿಂತಿದ್ದಾರೆ. ಬಾಡಿಗೆಗೆ ಸಿಗುತ್ತದಂತಲ್ಲ ಆ ಬಟ್ಟೆ. ಬಣ್ಣ ಅವರಿಗೆ ಒಪ್ಪುವುದಿಲ್ಲ, ನನಗಾದರೆ ಒಪ್ಪುತ್ತಿತ್ತು. ಹೀಗೆ ಬರೆಯಬಾರದು, ಆದರೂ ಬರೆದೆ.

ಅದೂ ಹೋಗಲಿ ಎಂದರೆ ಸಿಗಡಿ ಚಟ್ನಿ. ಒಣ ಸಿಗಡಿಯ ತಲೆ ಬಾಲ ಮುರಿದು, ಹುರಿದು, ತೆಂಗಿನಕಾಯಿಯನ್ನು ಕೆಂಪಗಾಗುವಷ್ಟು ಬಾಡಿಸಿ ಡಬ್ಬಿ ತುಂಬಿಸಿದವಳು ನಾನು. ನಿನಗೆ ಅಲ್ಲಿಯ ಊಟ ಸೇರದಿದ್ದರೆ ಎರಡು ತುತ್ತು ಅನ್ನವಾದರೂ ಹೋಗಲಿ ಎಂದು. ಈಗ ನಿನ್ನ ಅಮ್ಮ ಅದನ್ನು ನಿನಗೆ ಟ್ರೈನಿಂಗ್ ಕೊಡುವ ಕಂಪನಿಯವರ ಊಟದ ಮೇಜಿನಲ್ಲಿಟ್ಟು, ಕೊರಿಯಾದ ಡಾಕ್ಟರುಗಳಿಗೆಲ್ಲ ಬಡಿಸಿ, “ನಮ್ಮ ಮನೆಯ ಚಟ್ನಿ” ಎಂದು ಇಂಗ್ಲಿಷಿನಲ್ಲಿ ಸ್ಟೇಟಸ್ ಹಾಕಿದ್ದಾರೆ. ಯಾರ ಮನೆಯದು ಮಾರಾಯ್ತಿ? ಕುಲಶೇಖರದ ಆ ಅಡುಗೆಮನೆಯಲ್ಲಿ ಸಿಗಡಿ ಹುರಿದು ಎಷ್ಟು ಕಾಲವಾಯಿತೆಂದು ನನಗೆ ಗೊತ್ತಿಲ್ಲವಾ, ವಾಸನೆ ಬರುತ್ತದೆ ಎಂದು ಅವರೇ ಹೇಳುವುದಲ್ಲವಾ? ನಾನು ಫೋನನ್ನು ಮಗುಚಿಟ್ಟದ್ದನ್ನು ನೋಡಿ ನಿನ್ನ ಮಾವ, “ನಿನಗೆ ಹೊಟ್ಟೆಕಿಚ್ಚು ಮಾರಾಯ್ತಿ, ಸ್ವಲ್ಪ ಮಜ್ಜಿಗೆ ಕುಡಿ” ಎಂದರು. ಶೀನಪ್ಪ ಎಂಬ ಈ ಮನುಷ್ಯನ ಜೊತೆ ನಾನು ಇಷ್ಟು ವರ್ಷ ಹೇಗೆ ಬಾಳಿದೆನೋ. ನನಗೆಂತಕೆ ಹೊಟ್ಟೆಕಿಚ್ಚು ಎಂದು ಅವರ ಬಾಯಿ ಮುಚ್ಚಿಸಿದೆ. ಮಜ್ಜಿಗೆಯನ್ನೂ ಕುಡಿದೆ, ಏನೂ ಪ್ರಯೋಜನವಾಗಲಿಲ್ಲ.

ಹೌದು, ಹೊಟ್ಟೆಕಿಚ್ಚೇ. ಕನ್ನಡ ಓದಲು ಬರುವವಳು ನೀನೊಬ್ಬಳೇ ಅಲ್ಲಿರುವುದರಿಂದ ಬರೆಯುತ್ತಿದ್ದೇನೆ. ಬ್ಯಾಂಕಿನ ಕೌಂಟರಿನಿಂದ ಎದ್ದವಳು ಒಂದು ತಿಂಗಳೂ ಮನೆಯಲ್ಲಿ ಕೂರದೆ ನಿನ್ನ ಕ್ಲಿನಿಕ್ಕಿನ ಕೌಂಟರಿನಲ್ಲಿ ಕುಳಿತೆ. ಸೂಜಿ ನೋಡಿ ಓಡಿಹೋಗುವವರನ್ನು ಗೇಟಿನಿಂದ ತಿರುಗಿ ಕರೆದು ತಂದದ್ದು ನಾನು. “ಕೊರಿಯಾದ ಇಂಪ್ಲಾಂಟು ಒಳ್ಳೇದಾ ಅಮ್ಮಾ?” ಎಂದು ಕೇಳಿದವರಿಗೆಲ್ಲ, ಒಳ್ಳೆಯದು, ನಿಮ್ಮ ಸ್ವಂತ ಹಲ್ಲಿನ ಹಾಗೆಯೇ, ಎಂದು ಧೈರ್ಯ ಹೇಳಿದ ಬಾಯಿ ಇದು. ಆ ಸ್ಕ್ರೂ ಮಾಡುವ ಫ್ಯಾಕ್ಟರಿಯನ್ನು ಗಾಜಿನ ಆಚೆಯಿಂದ ನೋಡಿದವರು ಯಾರು? ನಿನ್ನ ಅಮ್ಮ. ಅವರಿಗೆ ದವಡೆ ಹಲ್ಲು ಯಾವುದು, ಕೋರೆ ಹಲ್ಲು ಯಾವುದು ಎಂದು ಗೊತ್ತುಂಟಾ? ಟೋಪಿ ಹಾಕಿಕೊಂಡು, ಬಿಳಿ ಕೋಟು ತೊಟ್ಟು ಫೋಟೋ ಬೇರೆ. ನನಗೆ ಅರಮನೆಗಿಂತಲೂ ಆ ಫ್ಯಾಕ್ಟರಿಯ ಫೋಟೋ ನೋಡಿಯೇ ಹೆಚ್ಚು ಉರಿಯಿತು. ನಿನ್ನ ಕೆಲಸದ ಜಾಗದಲ್ಲಿ ನಿನ್ನ ಪಕ್ಕ ನಿಲ್ಲುವವಳು ನಾನು ಅಲ್ಲವಾ?

ನೀನು ನನ್ನನ್ನು ಕೇಳಲಿಲ್ಲ ಎಂದು ನಾನು ಹೇಳುವುದಿಲ್ಲ. ಕೇಳಿದ್ದೀ. ಆಟಿ ತಿಂಗಳ ಮಳೆ ಮುಗಿದ ಮೇಲೆ ಒಂದು ಸಂಜೆ, ಕೊನೆಯ ರೋಗಿ ಹೋದ ಮೇಲೆ, ಗ್ಲೌಸ್ ತೆಗೆಯುತ್ತಾ, “ಮಾಮಿ, ಟ್ರೈನಿಂಗಿಗೆ ಜೊತೆಗೆ ಒಬ್ಬರನ್ನು ಕರ್ಕೊಂಡು ಬರ್ಬಹುದಂತೆ. ನೀವು ಬರ್ತೀರಾ?” ಎಂದು ಕೇಳಿದೆ. ನಾನು, “ನನಗೆಂತಕೆ ಮಗಾ ಅದೆಲ್ಲ, ಈ ವಯಸ್ಸಿನಲ್ಲಿ. ನೀನು ಹೋಗಿ ಬಾ” ಎಂದೆ. ಹಾಗೆ ಹೇಳಿ, ನಿನಗೆ ಇನ್ನೊಂದು ಸಲ ಕೇಳಲು ಸಮಯ ಸಿಗಲಿ ಎಂದು, ನೀರು ತುಂಬಿಸಲು ಒಳಗೆ ಹೋದೆ. ತುಂಬಿದ ಬಾಟಲಿಯನ್ನು ಚೆಲ್ಲಿ ಪುನಃ ತುಂಬಿಸಿದೆ. ಹೊರಗೆ ಬಂದರೆ ನೀನು ಫೋನಿನಲ್ಲಿದ್ದೆ. ಲೋಲಾಕ್ಷಿಯಕ್ಕ ನೀನು ಪ್ರಶ್ನೆ ಮುಗಿಸುವ ಮೊದಲೇ ಹೂಂ ಎಂದದ್ದು ನನಗೆ ಕೌಂಟರಿನ ಈಚೆಗೂ ಕೇಳಿಸಿತು.

ನಿನ್ನ ಮೊದಲ ವರ್ಷದ ಸೋಣ ತಿಂಗಳ ಹಬ್ಬದ ಊಟ ನೆನಪುಂಟಾ? ನಿನ್ನ ಕೈಗೆ ಪಾಯಸದ ಸೌಟು ಕೊಟ್ಟಿದ್ದೆ. ಸುರತ್ಕಲ್‌ನ ದೊಡ್ಡಮ್ಮ ಎಲೆಯ ಮೇಲೆ ಕೈ ಅಡ್ಡ ಹಿಡಿದು ಸಾಕು ಸಾಕು ಎಂದರು, ನೀನು ಓಕೆ ಎಂದು ಮುಂದಿನ ಎಲೆಗೆ ಹೋಗಿಬಿಟ್ಟೆ. ಅವರು ನೀನು ತಿರುಗಿ ಬರುತ್ತೀ ಎಂದು ಎಷ್ಟೋ ಹೊತ್ತು ಖಾಲಿ ಎಲೆಯ ಮುಂದೆ ಕುಳಿತಿದ್ದರು ಪಾಪ, ಅರ್ಧ ಹೊಟ್ಟೆಯಲ್ಲಿ ಎದ್ದರು. ಆ ದಿನ ಅಡುಗೆಮನೆಯಲ್ಲಿ ನಾನು ನಗುತ್ತಾ ಹೇಳಿದ್ದೆ, ಇಲ್ಲಿ ಮೊದಲನೆಯ ಸಾಕು ಲೆಕ್ಕಕ್ಕಿಲ್ಲ ಮಗಾ, ಒತ್ತಾಯ ಮಾಡಬೇಕು, ಎರಡನೆಯ ಸಲ ಕೇಳಿದ ಮೇಲೆ ಸಾಕು ಎಂದರೆ ಮಾತ್ರ ಸಾಕು ಎಂದು. ನೀನು ಪಾಯಸಕ್ಕೆ ಅದನ್ನು ಕಲಿತೆ. ಕೊರಿಯಾಕ್ಕೂ ಅದೇ ನಿಯಮ ಎಂದು ನಾನು ಬೇರೆ ಹೇಳಿಕೊಡಬೇಕಿತ್ತಾ? ಮುಂಬೈಯಲ್ಲಿ ಕೇಳಿದ ಕೂಡಲೇ ಹೂಂ ಎನ್ನುತ್ತಾರೆ, ಬೇಡವೆಂದರೆ ಬೇಡವೇ. ಒಳ್ಳೆಯ ಪದ್ಧತಿಯೇ ಇರಬಹುದು. ನನ್ನ ಬಾಯಿಗೆ ಅದು ಬರುವುದಿಲ್ಲ. ಮೊದಲ ಸಲವೇ ಹೂಂ ಎಂದರೆ ಆಸೆಬುರುಕಿ ಎಂದು ತಿಳಿಯುತ್ತಾರೆ ಎಂದು ನನ್ನ ಅಮ್ಮ ಬೆಳೆಸಿದ್ದು ಹಾಗೆ.

ಆಸೆ ಇರಲಿಲ್ಲ ಎಂದಲ್ಲ. ಶಾರ್ಜಾದಲ್ಲಿದ್ದ ತಮ್ಮ ಬಾ ಅಕ್ಕ ಬಾ ಅಕ್ಕ ಎಂದು ಒತ್ತಾಯ ಮಾಡಿದಾಗ ಪಾಸ್‌ಪೋರ್ಟ್ ಮಾಡಿಸಿದ್ದೆ. ನಾನು ಹೊರಡುವ ಮೊದಲು ಅವನೇ ಕೆಲಸ ಬಿಟ್ಟು ಊರಿಗೆ ಬಂದುಬಿಟ್ಟ. ಅವಧಿ ಮುಗಿದಾಗ ಯಾರಿಗೂ ಹೇಳದೆ ಹೊಸದು ಮಾಡಿಸಿದೆ. ನಿನ್ನ ಮಾವ, ಇದನ್ನು ಇಟ್ಟುಕೊಂಡು ಎಂತ ಮಾಡ್ತಿ ಎಂದು ಕೇಳಿದರು, ಸುಮ್ಮನೆ ಇರಲಿ ಎಂದೆ. ಪಟ್ಟೆ ಸೀರೆಯ ಅಡಿಯಲ್ಲಿ ಇದೆ. ಒಳಗೆ ಒಂದು ಠಸ್ಸೆಯೂ ಬಿದ್ದಿಲ್ಲ, ಹಾಳೆಗಳು ಇನ್ನೂ ಒಂದಕ್ಕೊಂದು ಅಂಟಿಕೊಂಡಿವೆ.

ಹಳೆಯದೆಲ್ಲ ಬಿಡು. ನಿನ್ನೆ ನೀನು ಫೋನಿನಲ್ಲಿ, ಜನವರಿಗೆ ಬೂಸಾನಿನಲ್ಲಿ ಇನ್ನೊಂದು ಕೋರ್ಸ್ ಉಂಟು, ಆಗಲೂ ಜೊತೆಗೆ ಒಬ್ಬರು ಬರಬಹುದು, ಶುಕ್ರವಾರ ಬೆಳಿಗ್ಗೆಯೊಳಗೆ ಹೆಸರು ಕೊಡಬೇಕು ಎಂದೆಯಲ್ಲ. ಬಹಳ ಸಂತೋಷ. ಈ ಸಲವಾದರೂ ಬರ್ತೀರಾ ಮಾಮಿ ಎಂದು ಕೇಳಿದೆ, ನಾನು ನನಗೆಂತಕೆ, ನಿನ್ನ ಅಮ್ಮನನ್ನೇ ಕರ್ಕೊಂಡು ಹೋಗು ಎಂದೆ. ನೀನು ಸರಿ ಮಾಮಿ ಎಂದೆ. ಹಿಂದಿನಿಂದ ಅವರು, ನಾನು ರೆಡಿ, ನಾನು ರೆಡಿ ಎನ್ನುತ್ತಿದ್ದದ್ದೂ ಕೇಳಿಸಿತು. ಅದು ಅಲ್ಲಿಗೆ ಮುಗಿಯಿತು, ನನಗೆ ಏನೂ ಬೇಸರವಿಲ್ಲ. ಬೂಸಾನ್ ಸಮುದ್ರದ ಬದಿಯ ಊರಂತೆ, ಬೆಂಗ್ರೆಯಲ್ಲಿರುವ ಹಾಗೆ ಸಾಲಾಗಿ ದೋಣಿಗಳಂತೆ, ಅಲ್ಲಿಯ ದೊಡ್ಡ ಮೀನು ಮಾರುಕಟ್ಟೆಯಲ್ಲೂ ನಮ್ಮಲ್ಲಿಯ ಹಾಗೆ ಮಾರುವವರು ಹೆಂಗಸರೇ ಅಂತೆ. ನಾನು ಹುಡುಕಿ ನೋಡಿದ್ದಲ್ಲ, ಫೋನಿನಲ್ಲಿ ಎಂತದೋ ಒತ್ತುವಾಗ ಕಣ್ಣಿಗೆ ಬಿತ್ತು. ನಿನ್ನ ಅಮ್ಮನಿಗೆ ಮೀನಿನ ವಾಸನೆ ಆಗುವುದಿಲ್ಲ, ಮೂಗಿಗೆ ಕಟ್ಟಲು ಒಂದು ಕರವಸ್ತ್ರ ತೆಗೆದುಕೊಂಡು ಹೋಗಲು ಹೇಳು. ನಾನು ಇಲ್ಲಿ ಕೌಂಟರಿನಲ್ಲಿ ಸುಖವಾಗಿರುತ್ತೇನೆ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಕಲಿಯಲು ಹೋದದ್ದನ್ನು ಚೆನ್ನಾಗಿ ಕಲಿತು ಬಾ, ನಿನ್ನ ಕೈಗೆ ಒಳ್ಳೆಯ ಹೆಸರು ಬರಲಿ. ಲೋಲಾಕ್ಷಿಯಕ್ಕನಿಗೆ ನನ್ನ ನಮಸ್ಕಾರ ತಿಳಿಸು, ಶಾಲು ಒಗೆಯಬಾರದು, ಡ್ರೈ ಕ್ಲೀನಿಂಗಿಗೇ ಕೊಡಬೇಕು ಎಂದೂ ತಿಳಿಸು. ಮಾವ, ತುಷಾರ್, ರಿಝ್ವಾನಾ ಎಲ್ಲರೂ ನಿನ್ನನ್ನು ಕೇಳುತ್ತಿರುತ್ತಾರೆ. ನೀನಿಲ್ಲದೆ ಕ್ಲಿನಿಕ್ಕಿನಲ್ಲಿ ನನಗೆ ಹೊತ್ತು ಹೋಗುವುದಿಲ್ಲ.

ನಿನ್ನದೇ
ಮಾಮಿ, ಗುಣವತಿ

ತಾ.ಕ.: ಊಟದ ಹೊತ್ತು ಮುಗಿಯಿತು, ಶಟರಿನ ಹೊರಗೆ ಇಬ್ಬರು ಬಂದು ಕೂತಿದ್ದಾರೆ, ಬೇಗ ಬೇಗ ಬರೆಯುತ್ತೇನೆ. ಮೇಲೆ ಬೂಸಾನಿನ ಬಗ್ಗೆ ಬರೆದದ್ದರಲ್ಲಿ ಮೀನು ಮಾರುಕಟ್ಟೆಯನ್ನು ಬಿಟ್ಟು ಉಳಿದದ್ದು ಯಾವುದನ್ನೂ ನಂಬಬೇಡ. ನಿನ್ನೆ ನಾನು ಹೇಳಿದ್ದು ಎಲೆಯ ಮುಂದೆ ಕುಳಿತವರು ಹೇಳುವ ಮೊದಲನೆಯ ಸಾಕು. ಹಾಳೆಗಳ ಕೊನೆಯಲ್ಲಿ ಬರುವ ಫೋಟೋ ನನ್ನ ಪಾಸ್‌ಪೋರ್ಟಿನದ್ದು, ಹೆಸರು ಅದರಲ್ಲಿರುವ ಹಾಗೆಯೇ ಕೊಡು. ಅಮ್ಮನಿಗೆ ಎಂತ ಹೇಳುತ್ತೀಯೋ ನೀನೇ ಹೇಳಿಕೋ, ಒಂದು ಸಲ ಅವರು ನೋಡಿ ಆಯಿತಲ್ಲ. ಆದರೆ ನಾನಾಗಿ ಕೇಳಿದೆ ಎಂದು ಆಗಬಾರದು. ಇವತ್ತು ಹೇಗಾದರೂ ಒಂದು ಫೋನ್ ಮಾಡಿ, ಏನೂ ಗೊತ್ತಿಲ್ಲದವಳ ಹಾಗೆ, ಇನ್ನೊಂದು ಸಲ ಕೇಳು ಮಗಾ. ಹೂಂ ಎನ್ನುವುದನ್ನು ನಾನು ಬೆಳಿಗ್ಗೆಯಿಂದ ಬಾಯಿಪಾಠ ಮಾಡುತ್ತಿದ್ದೇನೆ.