ಬಿರುಕಿನ ಮೇಲೊಂದು ಗಾಜು

ಕನ್ನಡಕದ ಅಂಗಡಿಯ ಕೌಂಟರಿನಿಂದ,
ಸೋಮವಾರ ಮಧ್ಯಾಹ್ನ

ನನ್ನ ಬಂಗಾರದ ಅಮ್ಮಾ,

ವಿಮೆಯವರು ಒಪ್ಪಿಕೊಂಡುಬಿಟ್ಟರು, ನಮ್ಮ ಮನೆಯ ಪಾಯದ ರಿಪೇರಿ ಪೂರ್ತಿ ಅವರದೇ ಖರ್ಚಂತೆ, ಶುಕ್ರವಾರ ಸುದ್ದಿ ಬಂತು, ಅತ್ತೆ ನನ್ನ ಕೆನ್ನೆ ಹಿಂಡಿ ಇದೆಲ್ಲ ನಿನ್ನ ಕಾಲ್ಗುಣ ಅಂದರು. ಒಂದೇ ಉಸಿರಿಗೆ ಎಲ್ಲ ಹೇಳಿಬಿಟ್ಟೆ. ರೇಡಿಯೋ, ಸ್ವಲ್ಪ ಸಣ್ಣಗೆ ಮಾಡ್ಕೋ ಅಂತ ನೀನು ಅನ್ನುವುದು ಇಲ್ಲಿಗೇ ಕೇಳಿಸುತ್ತಿದೆ.

ಫೋನು ಬಿಟ್ಟು ಕಾಗದ ಯಾಕೆ ಎಂದು ಕೇಳಬೇಡ. ನೀನು ಫೋನನ್ನು ಸ್ಪೀಕರಿಗೆ ಹಾಕಿ ತರಕಾರಿ ಹೆಚ್ಚುತ್ತೀ, ಅಪ್ಪ ಪೇಪರಿನ ಹಿಂದೆ ಕೂತು ಎಲ್ಲ ಕೇಳಿಸಿಕೊಳ್ಳುತ್ತಾರೆ, ನಾನು ಕೇಳಿದ್ದಕ್ಕೆ ಪಕ್ಕದ ಮನೆಯಾಕೆ ಗೋಡೆಯಾಚೆಯಿಂದ ಉತ್ತರ ಕೊಡುತ್ತಾರೆ. ಈ ಕಡೆ ಅತ್ತೆಯದು ಹಾವಿನ ಕಿವಿ, ಅಷ್ಟು ಚುರುಕು. ಅಲ್ಲದೆ, ಇಂಗ್ಲಿಷ್ ಶಾಲೆಗೆ ಹಾಕಿ ತಪ್ಪು ಮಾಡಿದ್ವಿ, ಇವಳಿಗೆ ಕನ್ನಡದಲ್ಲಿ ಒಂದು ಕಾಗದ ಬರೆಯೋಕೆ ಬರಲ್ಲ ಅಂತ ಮದುವೆ ಮನೆಯಲ್ಲಿ ಎಲ್ಲರ ಮುಂದೆ ಹೇಳಿದ್ದೆಯಲ್ಲ, ತಗೋ, ಓದು.

ಮೊದಲು ನಿನ್ನ ಅಳಿಯನ ಸುದ್ದಿ. ಅವರು ಅಂಗಡಿಯ ಹಿಂಬದಿಯಲ್ಲಿ ಲೆನ್ಸ್ ಉಜ್ಜುತ್ತಾ ತಮ್ಮಷ್ಟಕ್ಕೆ ಗುನುಗುತ್ತಿರುತ್ತಾರೆ, ರಾಗ ಯಾವುದೆಂದು ಅವರಿಗೂ ಗೊತ್ತಿಲ್ಲ. ಗಿರಾಕಿ ಇಲ್ಲದಾಗ ಕಣ್ಣು ಪರೀಕ್ಷೆಯ ಫ್ರೇಮನ್ನು ನನ್ನ ಮೂಗಿನ ಮೇಲಿಟ್ಟು, ಗಾಜು ಬದಲಿಸುತ್ತಾ, ಇದರಲ್ಲಿ ಚೆನ್ನಾಗಿ ಕಾಣುತ್ತಾ, ಅದರಲ್ಲಾ ಎಂದು ಕೇಳುತ್ತಾರೆ. ಎರಡರಲ್ಲೂ ನೀವು ಚೆನ್ನಾಗೇ ಕಾಣ್ತೀರಿ ಅಂದೆ. ಬಾಗಿಲಲ್ಲಿ ಯಾರೋ ಕೆಮ್ಮಿದರು. ಗಿರಾಕಿ ಬಂದು ನಿಂತು ಎಷ್ಟು ಹೊತ್ತಾಗಿತ್ತೋ. ನನಗೂ ಕೆಲಸ ಕಲಿಸಿದ್ದಾರೆ ಅಮ್ಮಾ, ಗಾಜು ಕತ್ತರಿಸುವುದು, ಅಂಚನ್ನು ಸಾಣೆಗೆ ಹಿಡಿಯುವುದು. ಕತ್ತರಿಸಿದ ಗಾಜನ್ನು ಅಂಚು ನಯ ಮಾಡದೆ ಕೆಳಗಿಡಬಾರದು ಎನ್ನುವುದು ಈ ಅಂಗಡಿಯ ಮೊದಲ ಪಾಠ. ಇದನ್ನು ನೆನಪಿಟ್ಟುಕೋ, ಮುಂದೆ ಬೇಕಾಗುತ್ತದೆ.

ನಾನು ಬಂದ ಹೊಸದರಲ್ಲಿ ಅಡುಗೆಮನೆಯ ನೆಲದಡಿ ನೀರಿನ ಪೈಪ್ ಒಡೆದದ್ದನ್ನು ನಿನಗೆ ಹೇಳಿದ್ದೆ, ನಕ್ಕಿದ್ದೆವು. ಅದಾದ ಮೇಲಿನದ್ದನ್ನು ಹೇಳಿರಲಿಲ್ಲ. ಪೈಪನ್ನು ಮರುದಿನವೇ ಸರಿ ಮಾಡಿಸಿದರು, ಆದರೆ ಅದೇ ವಾರ ಹಿಂದಿನ ಕೋಣೆಯ ಗೋಡೆಯಲ್ಲಿ, ಕಿಟಕಿಯ ಮೂಲೆಯಿಂದ ನೆಲದವರೆಗೆ, ಮೆಟ್ಟಿಲು ಮೆಟ್ಟಿಲಾಗಿ ಒಂದು ಬಿರುಕು ಕಾಣಿಸಿತು. ಅದು ಅತ್ತೆ ಮಲಗುವ ಕೋಣೆ. ಎದುರು ಮನೆಯಲ್ಲಿ ಅತ್ತೆಯ ತಂಗಿ ಇದ್ದಾರಲ್ಲ, ಅವರು ಬಂದು ನೋಡಿ, ಸೊಸೆ ಬಲಗಾಲಿಟ್ಟು ಬಂದ್ಳೋ ಎಡಗಾಲಿಟ್ಟು ಬಂದ್ಳೋ, ಯಾರಾದ್ರೂ ನೋಡಿದ್ರಾ ಅಂದರು. ಅತ್ತೆ ಸುಮ್ನಿರೇ ಅಂತ ಗದರಿದರು. ಗದರಿದ ಮೇಲೆ ಒಮ್ಮೆ ನನ್ನ ಕಾಲು ನೋಡಿದರು. ಅಷ್ಟೇ. ಆಮೇಲೆ ಹಾಲು ಉಕ್ಕಿದರೂ, ಬೀಗ ಕೈಕೊಟ್ಟರೂ ಎದುರು ಮನೆಯವರಿಗೆ ನನ್ನ ಪಾದದ ಕಡೆ ನೋಡುವುದು ಅಭ್ಯಾಸವಾಯಿತು. ನಾನು ಮನೆಯೊಳಗೂ ಚಪ್ಪಲಿ ಹಾಕಿಕೊಳ್ಳತೊಡಗಿದೆ.

ವಿಮೆಯ ಸರ್ವೇಯರ್ ಮೊದಲ ಸಲ ಬಂದಾಗ ನಾನು ಅಂಗಡಿಯಲ್ಲಿದ್ದೆ. ಜೇಬಿನಿಂದ ಗೋಲಿ ತೆಗೆದು ನೆಲದ ಮೇಲೆ ಬಿಟ್ಟರಂತೆ, ಅದು ಉರುಳಿಕೊಂಡು ಅತ್ತೆಯ ಮಂಚದಡಿ ಹೋಯಿತಂತೆ. ಈ ವಯಸ್ಸಲ್ಲಿ ಗೋಲಿ ಆಡೋಕೆ ಬಂದಿದ್ದಾರೆ, ಸಂಬಳ ಬೇರೆ ಕೊಡ್ತಾರೆ ಎಂದು ಅತ್ತೆ ಸಂಜೆ ನಮಗೆ ಹೇಳಿ ನಗಿಸಿದರು. ಗೋಡೆಗೆ ಏನೋ ಅಂಟಿಸಿ ಹೋಗಿದ್ದಾರೆ, ಮೂರು ನಾಲ್ಕು ತಿಂಗಳು ಬಿಟ್ಟು ಬರ್ತಾರಂತೆ ಎಂದೂ ಹೇಳಿದರು. ಏನು, ಯಾಕೆ ಎಂದು ನಾನು ಕೇಳಲಿಲ್ಲ. ಗೋಡೆಯ ವಿಷಯ ಎತ್ತಿದರೆ ಕಾಲಿನ ವಿಷಯ ಬರುತ್ತದೆ.

ಹೋಗಿ ನೋಡಿದರೆ ಬಿರುಕಿಗೆ ಅಡ್ಡವಾಗಿ ಬೆರಳಗಲದ ತೆಳು ಗಾಜಿನ ಪಟ್ಟಿ, ಎರಡು ತುದಿಗೂ ಬಿಳಿ ಸಿಮೆಂಟಿನ ಉಂಡೆ, ಪಕ್ಕದಲ್ಲಿ ಪೆನ್ಸಿಲಿನಲ್ಲಿ ಬರೆದ ತಾರೀಖು. ಅದಾಗಿ ಮೂರು ತಿಂಗಳ ಮೇಲೆ ಒಂದು ದಿನ ಜೇಡರ ಬಲೆ ಹೊಡೆಯುತ್ತಿದ್ದೆ. ಉದ್ದನೆಯ ಪೊರಕೆ, ನನ್ನ ಕೈ ಗೊತ್ತಲ್ಲ. ಕೆಳಗೆ ಬಗ್ಗಿ ನೋಡಿದರೆ ಗಾಜು ನಡುವೆ ಸೀಳಿ ಎರಡಾಗಿದೆ.

ಕಾಲ್ಗುಣವೇ ಸಾಕಾಗಿತ್ತು, ಇನ್ನು ಕೈಗುಣವೂ ಸೇರಿಕೊಂಡರೆ ನಾನು ಆ ಮನೆಯಲ್ಲಿ ಯಾವ ಅಂಗ ಇಟ್ಟುಕೊಂಡು ಬದುಕಲಿ. ಅತ್ತೆ ತಂಗಿಯ ಮನೆಗೆ ಹೋಗಿದ್ದರು. ಒಡೆದ ಚೂರುಗಳನ್ನು ಜೋಪಾನವಾಗಿ ಬಿಡಿಸಿ ಒಂದು ಹಳೇ ಕನ್ನಡಕದ ಡಬ್ಬಿಯಲ್ಲಿ ಇಟ್ಟೆ. ಅಂಗಡಿಗೆ ಹೋಗಿ ಅದೇ ಅಳತೆಯ ಪಟ್ಟಿ ಕತ್ತರಿಸಿದೆ. ಪೈಪಿನವನು ಬಿಟ್ಟುಹೋದ ಬಿಳಿ ಸಿಮೆಂಟು ಇತ್ತು, ಕಲಸಿ ಅಂಟಿಸಿದೆ. ಅಮ್ಮಾ, ನಾನು ಮಾಡಿದ ಕೆಲಸಗಳಲ್ಲಿ ಇಷ್ಟು ಅಚ್ಚುಕಟ್ಟಾಗಿ ಬಂದದ್ದು ಇನ್ನೊಂದಿಲ್ಲ.

ಅದಾದ ವಾರಕ್ಕೇ, ಹೋದ ತಿಂಗಳು, ಸರ್ವೇಯರ್ ಮತ್ತೆ ಬಂದರು. ಗೋಡೆಯ ಹತ್ತಿರ ಕುಕ್ಕರಗಾಲಲ್ಲಿ ಕೂತು, ಟಾರ್ಚ್ ಹಿಡಿದು ಗಾಜು ನೋಡಿದರು. ನಾನು ಚಹಾದ ತಟ್ಟೆ ಹಿಡಿದು ನಿಂತಿದ್ದೆ. ಆಗ ಅವರು ಪಾಠ ಮಾಡುವ ಹಾಗೆ ಬಿಡಿಸಿ ಹೇಳಿದರು. ನೆಲ ತಾನಾಗಿ ಕೂತ್ರೆ ವಿಮೆ ಬರಲ್ಲಮ್ಮ, ಪೈಪ್ ಒಡೆದು ಮಣ್ಣು ಕೊಚ್ಚಿಹೋಗಿ ಕೂತ್ರೆ ಬರುತ್ತೆ, ಬಿರುಕು ನೋಡಿದ್ರೆ ಎರಡೂ ಒಂದೇ ಥರ ಇರುತ್ತೆ ಅಂದರು. ಪೈಪ್ ಸರಿಯಾದ ಮೇಲೂ ಗೋಡೆ ಜರುಗುತ್ತಾ ಇದ್ದರೆ ಗಾಜು ಒಡೆಯುತ್ತದಂತೆ. ಆಗ ತಪ್ಪು ಪೈಪಿನದಲ್ಲ, ನೆಲದ್ದು. ಗಾಜು ಇಡಿಯಾಗಿ ಉಳಿದರೆ ಪೈಪಿನದೇ. ಮನುಷ್ಯರು ಏನಾದ್ರೂ ಹೇಳ್ತಾರೆ, ಗಾಜು ಸುಳ್ಳು ಹೇಳಲ್ಲ ಎಂದು ಹೇಳಿ ನನ್ನ ತಟ್ಟೆಯಿಂದ ಒಂದು ಬಿಸ್ಕತ್ತು ತೆಗೆದುಕೊಂಡರು.

ಅವರು ಹೋದ ಮೇಲೆ ನಿನ್ನ ಅಳಿಯ ಗೋಡೆಯ ಹತ್ತಿರ ಹೋಗಿ ಗಾಜಿನ ಅಂಚಿನ ಮೇಲೆ ಹೆಬ್ಬೆರಳು ಓಡಿಸಿದರು. ಸರ್ವೇಯರ್ ತರುವ ಗಾಜಿನ ಅಂಚು ಕೈ ಕೊಯ್ಯುವ ಹಾಗಿರುತ್ತದೆ. ಇದನ್ನು ನಾನು ಸಾಣೆ ಹಿಡಿದಿದ್ದೆ, ಕಲಿಸಿದ ಪಾಠ ಮರೆಯದೆ. ಅವರು ನನ್ನ ಕಡೆ ತಿರುಗಿ, ಭಲೇ ಚಾಲಾಕಿ ನೀನು, ನಂಗೂ ಹೇಳಲಿಲ್ಲವಲ್ಲ ಅಂದರು. ಪೊರಕೆ ತಗುಲಿತು ಎಂದು ನಾನು ಹೇಳಿದೆ. ಸರಿ ಸರಿ, ಪೊರಕೇನೇ ಎಂದು ಕಣ್ಣು ಮಿಟುಕಿಸಿದರು. ಅವರು ಅಷ್ಟು ಖುಷಿಯಾಗಿ ನನ್ನನ್ನು ನೋಡಿದ್ದು ಮದುವೆಯ ದಿನವೂ ಇಲ್ಲ. ನಾನೂ ನಕ್ಕೆ. ಆಮೇಲೆ ಹೋಗಿ ಪಾತ್ರೆ ತೊಳೆದೆ, ತೊಳೆದದ್ದನ್ನೇ ಮತ್ತೆ ತೊಳೆದೆ.

ಈಗ ಎಲ್ಲರೂ ಸಂತೋಷವಾಗಿದ್ದಾರೆ. ಎದುರು ಮನೆಯವರು ಸಿಹಿ ಹಿಡಿದುಕೊಂಡು ಬಂದು, ಮಹಾಲಕ್ಷ್ಮಿ ಕಾಲು ಎಂದು ನಾನು ಕೂತಲ್ಲೇ ನನ್ನ ಪಾದ ಮುಟ್ಟಿ ನೋಡಿದರು, ನನಗೆ ಕಚಗುಳಿಯಾಯಿತು. ರಿಪೇರಿ ಪೂರ್ತಿ ಎಂದು ಮೇಲೆ ಬರೆದೆನಲ್ಲ, ಪೂರ್ತಿ ಎಂದರೆ ಪೈಪಿನಿಂದ ಆದಷ್ಟು. ಕೊಚ್ಚಿಹೋದ ಕಡೆ ಮಣ್ಣು ತುಂಬಿ, ಬಿರುಕು ಮುಚ್ಚಿ, ಬಣ್ಣ ಹೊಡೆಯುತ್ತಾರೆ. ಬಣ್ಣ ಯಾವುದು ಎಂದು ಅತ್ತೆ ನನ್ನನ್ನೇ ಕೇಳಿದರು. ತಿಳಿ ಹಸಿರು ಅಂದೆ.

ನನಗೆ ಒಂದೇ ಒಂದು ವಿಷಯ ಗೊತ್ತಾಗಬೇಕಿತ್ತು ಅಮ್ಮಾ. ಅವತ್ತು ಗಾಜು ಒಡೆದದ್ದು ಪೊರಕೆಯಿಂದಲೋ, ಅಲ್ಲವೋ. ಪೊರಕೆಯಿಂದಾದರೆ ನಾನು ಒಡೆದದ್ದನ್ನು ನಾನೇ ಸರಿ ಮಾಡಿದ್ದೇನೆ, ಯಾರಿಗೂ ಮೋಸವಿಲ್ಲ. ಅದಕ್ಕೆ ಸರ್ವೇಯರ್ ಬಂದುಹೋದ ಮಾರನೆಯ ದಿನವೇ ಅತ್ತೆಯ ಬೀರುವಿನ ಹಿಂದೆ, ಆ ಬಿರುಕು ನೆಲ ಮುಟ್ಟುವ ಕಡೆ, ಇನ್ನೊಂದು ಗಾಜು ಅಂಟಿಸಿದೆ. ಅಲ್ಲಿಗೆ ಪೊರಕೆ ಹೋಗುವುದಿಲ್ಲ, ಬೆಕ್ಕೂ ಹೋಗುವುದಿಲ್ಲ. ನಿನ್ನೆ ಕನ್ನಡಿ ಹಿಡಿದು ನೋಡಿದೆ. ನಡುವೆ ಸೀಳಿದೆ, ಮೊದಲನೆಯದು ಸೀಳಿದ ಹಾಗೆಯೇ.

ಮೊದಲು ಬಂದದ್ದು ಏನು ಗೊತ್ತಾ, ಸಮಾಧಾನ. ನನ್ನ ಕೈಯಲ್ಲ, ಪೊರಕೆಯಲ್ಲ. ಕಾಲಂತೂ ಅಲ್ಲವೇ ಅಲ್ಲ. ಹಿತ್ತಿಲ ಬಾಗಿಲು ಹಿಡಿಯುತ್ತದೆ ಎಂದು ವರ್ಷ ವರ್ಷ ಬಡಗಿ ಕರೆಸಿ ಹೆರೆಸುತ್ತಿದ್ದೆವು ಎಂದು ಅತ್ತೆಯೇ ಒಮ್ಮೆ ಹೇಳಿದ್ದರು. ನಾನು ಈ ಊರಿನ ಹೆಸರು ಕೇಳುವ ಮೊದಲಿನಿಂದಲೂ ಆ ನೆಲ ಕೂರುತ್ತಲೇ ಇದೆ. ಈ ಮಾತನ್ನು ಎದುರು ಮನೆಯವರ ಮುಖದ ಮುಂದೆ ಹೇಳಬೇಕೆಂದು ಬಾಗಿಲವರೆಗೆ ಹೋದೆ. ಹೇಳಿದರೆ ಕಾಲು ಬಚಾವು, ವಿಮೆ ಹೋಯಿತು. ವಾಪಸು ಬಂದೆ. ಅತ್ತೆ ಆ ಗೋಡೆಗೆ ಬೆನ್ನು ಕೊಟ್ಟು ಮಧ್ಯಾಹ್ನದ ನಿದ್ದೆ ಮಾಡುತ್ತಿದ್ದರು, ಬಾಯಿ ಸ್ವಲ್ಪ ತೆರೆದಿತ್ತು. ಕೋಣೆ ಬದಲಿಸಿ ಎಂದರೆ, ಹೊಸದಾಗಿ ಮದುವೆಯಾದೋರ ಪಕ್ಕದ ಕೋಣೆ ನಂಗ್ಯಾಕೆ, ನಂಗೆ ಇಲ್ಲೇ ಗಾಳಿ ಬರುತ್ತೆ ಅನ್ನುತ್ತಾರೆ. ಹಸಿರು ಬಣ್ಣ ಬಿದ್ದ ಮೇಲೆ ಆ ಗೋಡೆಯನ್ನು ಇನ್ನು ಯಾರೂ ನೋಡುವುದಿಲ್ಲ.

ಅದಿರಲಿ. ರಿಪೇರಿಯ ಧೂಳು ಅತ್ತೆಗೆ ಆಗುವುದಿಲ್ಲ ಎಂದು ನೆಪ ತೆಗೆದು, ಸ್ವಲ್ಪ ದಿನ ಅವರನ್ನು ಅಲ್ಲಿಗೇ ಕರೆದುಕೊಂಡು ಬರುತ್ತಿದ್ದೇನೆ. ನಿನ್ನ ಬೀಗಿತ್ತಿಗೆ ನಿನ್ನ ಕೋಣೆ ಬಿಟ್ಟುಕೊಡು, ನಾವಿಬ್ಬರೂ ಹಾಲಿನಲ್ಲಿ ಮಲಗೋಣ. ಅವರಿಗೆ ದಿಂಬು ಗಟ್ಟಿ ಇರಬೇಕು. ಗೊರಕೆ ಹೊಡೆಯುತ್ತಾರೆ, ಹೊಡೆಯುವುದಿಲ್ಲ ಎಂದು ವಾದವನ್ನೂ ಮಾಡುತ್ತಾರೆ. ಅಪ್ಪನಿಗೆ ಜೋಡಿ ಸಿಕ್ಕ ಹಾಗಾಯಿತು.

ಈಗ ಸಣ್ಣಗಾಗುತ್ತಿರುವ,
ನಿನ್ನ ರೇಡಿಯೋ

ಮತ್ತೆ: ಇದೇ ಅಂಚೆ ಡಬ್ಬಕ್ಕೆ ಇನ್ನೊಂದು ಕಾಗದವನ್ನೂ ಹಾಕುತ್ತಿದ್ದೇನೆ, ಸರ್ವೇಯರ್ ಹೆಸರಿಗೆ. ಅದು ಇಂಗ್ಲಿಷಿನಲ್ಲಿದೆ, ಮೂರೇ ಸಾಲು. ಬೀರುವಿನ ಹಿಂದಿನದನ್ನೂ ಬಿಡಿಸಿಟ್ಟೆ. ಒಡೆದ ಎರಡೂ ಗಾಜು ಕನ್ನಡಕದ ಡಬ್ಬಿಯಲ್ಲಿವೆ, ಬಂದು ನೋಡಬಹುದು ಎಂದು ಬರೆದಿದ್ದೇನೆ. ನಿನ್ನ ಅಳಿಯನಿಗೆ ಇನ್ನೂ ಹೇಳಿಲ್ಲ. ಮೊದಲೇ ಹೇಳಿದರೆ ಬೇಡ ಅನ್ನುತ್ತಾರೆ, ಅವರು ಬೇಡ ಅಂದರೆ ನಾನು ಕೇಳಿಬಿಡುತ್ತೇನೆ, ಅಷ್ಟು ಹೊಸ ಹೆಂಡತಿ ನಾನು. ಡಬ್ಬದಲ್ಲಿ ಕಾಗದ ಬಿದ್ದ ಸದ್ದು ಕೇಳಿಸಿಕೊಂಡು ಅಂಗಡಿಗೆ ವಾಪಸು ಬಂದು ಹೇಳುತ್ತೇನೆ. ಆಮೇಲೆ ನಮ್ಮನ್ನು ರೈಲು ಹತ್ತಿಸಲು ಅವರು ಬರುತ್ತಾರೋ ಇಲ್ಲವೋ ಗೊತ್ತಿಲ್ಲ, ಅದಕ್ಕೆ ಟಿಕೆಟ್ ನಾನೇ ತೆಗೆದಿಟ್ಟಿದ್ದೇನೆ. ಗುರುವಾರ, ಮಧ್ಯಾಹ್ನದ ಪ್ಯಾಸೆಂಜರ್. ಅತ್ತೆಗೆ ಕಿಟಕಿ ಪಕ್ಕದ ಸೀಟು.